ಪೋಪ್ ಗ್ರೆಗರಿಯ ಮಾತು ಹೊತ್ತು ಮೇಡ್ಲೇರಿಗೆ

2006ರ ಎಳ್ಳಮಾವಾಸ್ಯೆಯ ಬೆಳಿಗ್ಗೆ ಹಾವೇರಿಯಲ್ಲಿ ಎಂಟು ರೂಪಾಯಿ ಟಿಕೆಟ್ ತೆಗೆದುಕೊಂಡು ಪ್ಯಾಸೆಂಜರ್ ರೈಲು ಹತ್ತಿದೆ. ಚಳಿಗೆ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿದ್ದೆ. ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಮೇಡ್ಲೇರಿಯ ರೋಸವ್ವನನ್ನು ಚರ್ಚಿಗೆ ಕರೆಯಬೇಕಿತ್ತು. ಹಲವು ವರ್ಷಗಳಿಂದ ಅವಳು ಅತ್ತ ಕಾಲಿಟ್ಟಿರಲಿಲ್ಲ. ಕಾರಣ ನಾನೇ. ಚರ್ಚಿನಲ್ಲಿ ಧರ್ಮಪಾಠ ಹೇಳುವ ಉಪದೇಶಿಯಾಗಿದ್ದಾಗ, ಅವಳು ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿದ್ದನ್ನು, ಅಂದರೆ ಹಬ್ಬದ ಅಡುಗೆಯನ್ನು ಭೂಮಿತಾಯಿಗೆಂದು ಬೆಳೆಗೆ ಎರಚಿದ್ದನ್ನು, ಪಾಪವೆಂದು ಎಲ್ಲರೆದುರು ಬೈದಿದ್ದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲದೊಂದಿಗೆ ವ್ಯಾಪಾರಿಯೊಬ್ಬ ಹತ್ತಿದ. ಬೋಗಿಯೆಲ್ಲ ಸೀನತೊಡಗಿತು. ನನ್ನ ಕೈಲಿದ್ದ ಪುಸ್ತಕದ ಚಿತ್ರ ನೋಡಿ, "ಯಾರ್ರೀ ಅಜ್ಜಾರ, ಈ ಸ್ವಾಮಿಗಳು?" ಎಂದ.

"ಪೋಪ್ ಗ್ರೆಗರಿ. ಹದಿನಾಲ್ಕು ನೂರು ವರ್ಷದ ಹಿಂದ ರೋಮಿನ್ಯಾಗಿದ್ರು."

ಓದಿದ್ದನ್ನು ಹೇಳಿದೆ. ಶ್ರೀಮಂತರ ಮಗ, ನಗರದ ಅಧಿಕಾರಿ. ಎಲ್ಲ ಬಿಟ್ಟು ತಂದೆಯ ಮನೆಯನ್ನೇ ಮಠ ಮಾಡಿ ಸನ್ಯಾಸಿಯಾದರು. ಪೋಪ್ ಪದವಿ ಬೇಡವೆಂದರೂ ಜನ ಬಿಡಲಿಲ್ಲ. ಚರ್ಚಿನ ಹೊಲಗಳ ಕಾಳನ್ನು ಬಡವರಿಗೆ ಹಂಚಿಸಿದರು. ತಮ್ಮನ್ನು ದೇವರ ಸೇವಕರ ಸೇವಕನೆಂದು ಕರೆದುಕೊಂಡರು. ಇಂಗ್ಲೆಂಡಿಗೆ ಹೋದ ಸನ್ಯಾಸಿಗಳಿಗೆ ಅವರು ಬರೆದದ್ದೇ ನನ್ನನ್ನು ಚುಚ್ಚಿತ್ತು: ವಿಗ್ರಹ ತೆಗೆದರೂ ಗುಡಿ ಕೆಡವಬೇಡಿ, ಹಬ್ಬದ ಊಟ ನಿಲ್ಲಿಸಬೇಡಿ, ಜನ ಸೊಪ್ಪಿನ ಚಪ್ಪರ ಹಾಕಿ ದೇವರನ್ನು ನೆನೆದು ಉಣ್ಣಲಿ.

"ಶಾಣ್ಯಾರು ಬಿಡ್ರಿ! ಊಟ ನಿಲ್ಲಿಸಿದ್ರ ಯಾರ್ ಬರ್ತಾರ?" ಎಂದು ವ್ಯಾಪಾರಿ ನಕ್ಕ.

ರಾಣೆಬೆನ್ನೂರಿನಲ್ಲಿಳಿದು ಮಿರ್ಚಿ, ಮಂಡಕ್ಕಿ ತಿಂದು ಬಸ್ಸು ಹಿಡಿದೆ. ಮೇಡ್ಲೇರಿಯಲ್ಲಿ ರಸ್ತೆಗೆ ಅಂಟಿದ ಹೊಲದಲ್ಲೇ ರೋಸವ್ವ ಅಡುಗೆಯ ಬುಟ್ಟಿ ಇಳಿಸುತ್ತಿದ್ದಳು.

"ಬರ್ರಿ ಉಪದೇಶಿಗಳ! ಬೈಯಾಕ ಇಷ್ಟು ದೂರ ಬಂದ್ರೇನು?"

"ತಪ್ಪಾತವ್ವಾ," ಎಂದು ಗ್ರೆಗರಿಯ ಮಾತು ತಿಳಿಸಿದೆ. "ಅಂಥಾವ್ರ ಬ್ಯಾಡ ಅನ್ನಲಿಲ್ಲ, ನಾ ಅಂದೆ. ಹಬ್ಬಕ್ಕ ಚರ್ಚಿಗೆ ಬಾ."

ಅವಳ ನಗು ನಿಂತಿತು. "ಅವರು ಹೇಳ್ಯಾರಂತ ಬಂದೀರೋ, ನಿಮಗ ಅನಿಸಿ ಬಂದೀರೋ?"

"ಓದಿ ತಿಳೀತು. ತಿಳಿದ ಮ್ಯಾಲ ಸುಮ್ನ ಕುಂದ್ರಾಕ ಆಗಲಿಲ್ಲ."

ಬುಟ್ಟಿಯನ್ನು ನನ್ನ ತೋಳಿಗೆ ಏರಿಸಿದಳು. "ಹಂಗಾರ ನೀವ ಚೆಲ್ರಿ."

ಜೋಳದ ಸಾಲಿನಲ್ಲಿ "ಸರ್ವೇಶ್ವರಾ, ನಿನ್ನ ಬೆಳೆ" ಎನ್ನುತ್ತ ಕಡುಬು ಚೆಲ್ಲಿದೆ. "ಕೋಳಿಗೆ ಕಾಳು ಹಾಕಿದಂಗಾತು! ಬೀಸಿ ಒಗೀರಿ!" ಎಂದು ಕೂಗಿದಳು. ಬೀಸಿ ಒಗೆದೆ; ಅರ್ಧ ನನ್ನ ತಲೆಗೇ ಬಿತ್ತು. ಆಮೇಲೆ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಉಂಡು ಏಳಲಾಗದ ನನ್ನನ್ನು ಅವಳೇ ಕೈ ಹಿಡಿದು ಎಬ್ಬಿಸಬೇಕಾಯಿತು. ಚರ್ಚಿನ ಮಾತು ಮಾತ್ರ ಅವಳು ಎತ್ತಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಬಸ್ಸು ಹೊರಟಾಗ ಬದುವಿನ ಮೇಲಿಂದ ಕೂಗು ಕೇಳಿತು.

"ಕ್ರಿಸ್‌ಮಸ್ ಪೂಜಿ ಎಷ್ಟಕ್ಕ?"

"ರಾತ್ರಿ ಹನ್ನೊಂದಕ್ಕ!"

"ಮುಂದಿನ ಬಾಕಿನ್ಯಾಗ ಕುಂದ್ರತೇನಿ! ಈ ಸಲ ಬೈದ್ರ ಅಲ್ಲೇ ತಿರುಗಿ ಬೈತೇನಿ!"

ಇಡೀ ಬಸ್ಸು ತಿರುಗಿ ನನ್ನನ್ನೇ ನೋಡಿತು. ನಾನು ಕಿಟಕಿಯಿಂದ ಎರಡೂ ಕೈ ಹೊರಹಾಕಿ ಬೀಸುತ್ತಿದ್ದೆ.