ಅತ್ತೆಯ ಕಣ್ಣು, ನಮ್ಮ ಮಿಂಚು

ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸೂಡಿಯಿಂದ ಗಜೇಂದ್ರಗಡಕ್ಕೆ ಹೊರಟಾಗಲೂ ನನ್ನ ಮನಸ್ಸು ಪ್ರಯೋಗಾಲಯದಲ್ಲೇ ಇತ್ತು. ಲೇಸರಿನಿಂದ ಹೊಮ್ಮುವ ಅತಿ ಚಿಕ್ಕ ಮಿಂಚುಗಳ ಅವಧಿ ಅಳೆಯುವುದು ನನ್ನ ಕೆಲಸ. ಅಷ್ಟು ಚುರುಕಾದ ಗಡಿಯಾರ ಎಲ್ಲೂ ಇಲ್ಲ. ಅದಕ್ಕೇ ಮಿಂಚನ್ನೇ ಎರಡಾಗಿ ಸೀಳಿ, ಒಂದನ್ನು ತುಸು ಸುತ್ತುದಾರಿಯಲ್ಲಿ ಕಳಿಸಿ, ಹರಳೊಂದರಲ್ಲಿ ಮತ್ತೆ ಕೂಡಿಸುತ್ತೇವೆ. ಎರಡೂ ಒಟ್ಟಿಗೆ ಬಂದರೆ ಹರಳಿನಿಂದ ನೀಲಿ ಬೆಳಕು ಹೊಳೆಯುತ್ತದೆ. ಸುತ್ತುದಾರಿ ಎಷ್ಟು ಉದ್ದವಾದಾಗ ಆ ನೀಲಿ ಆರುತ್ತದೆ ಎಂಬುದರಿಂದ ಅವಧಿಯ ಲೆಕ್ಕ.

ಆ ವಾರ ಪರದೆಯ ಮೇಲೆ ಚೂಪಾದ ಮೊನೆಯೊಂದು ಮೂಡಿತ್ತು, ಕೆಳಗೆ ಅಗಲವಾದ ಬುಡ. ಇಷ್ಟು ಚಿಕ್ಕ ಮಿಂಚು ಸಿಕ್ಕಿತೆಂದು ಸಹೋದ್ಯೋಗಿ ಪೇಢೆ ಹಂಚಿದ. ನಿಜಕ್ಕೂ ಚಿಕ್ಕ ಮಿಂಚಾಗಿದ್ದರೆ ಅಷ್ಟು ಅಗಲದ ಬುಡ ಇರಬಾರದು, ಇದು ಯಾಕೆ ಎಂದು ನಾನು ಕೇಳಿದರೆ ನಕ್ಕುಬಿಟ್ಟ. ಅದರ ಲೇಖನ, ನಾನು ಅತ್ತೆಯೊಂದಿಗೆ ಹೊರಟ ದಿನವೇ ಸಂಜೆ, ವಿಜ್ಞಾನ ಪತ್ರಿಕೆಗೆ ಹೋಗುವುದಿತ್ತು.

ಪೊರೆ ತೆಗೆಸಿದ ಅತ್ತೆಯ ಕಣ್ಣು ಮತ್ತೆ ಮಬ್ಬಾಗಿತ್ತು. ಲೇಸರ್ ಹೊಡೆದರೆ ತಿಳಿಯಾಗುತ್ತದೆ ಎಂದಿದ್ದರು ಡಾಕ್ಟರು. ದವಾಖಾನೆಯ ಬೆಂಚಿನಲ್ಲಿ ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದಳು.

“ಕಣ್ಣಾಗ ಎಷ್ಟೊತ್ತು ಬೀಳ್ತೈತಿ ಅದು?”

“ನಿನಗ ಗೊತ್ತ ಆಗೂದಿಲ್ಲ ಅತ್ತಿ. ಅಷ್ಟು ಲಗೂ ಮುಗೀತೈತಿ.”

“ಖರೇನ? ಅಳದ್ ನೋಡ್ಯಾರೇನ?”

“ಅಳದಾರ. ಭಾಳ ಸಲ ಅಳದಾರ.”

ಸುಳ್ಳೇನಲ್ಲ. ಆ ಯಂತ್ರದ ಮಿಂಚು ನಮ್ಮದಕ್ಕಿಂತ ಸಾವಿರಾರು ಪಟ್ಟು ಉದ್ದ, ಅಳೆಯುವುದು ಸುಲಭ. ಆದರೂ ನನ್ನ ಮಾತು ನನ್ನನ್ನೇ ಚುಚ್ಚಿತು: ನಮ್ಮ ಮಿಂಚನ್ನು ನಾವು ಒಂದೇ ವಿಧಾನದಲ್ಲಿ ಅಳೆದು ಬಿಟ್ಟಿದ್ದೆವು. ಅತ್ತೆ ಒಳಗೆ ಹೋದ ಮೇಲೆ ಕೂರಲಾಗದೆ ರಸ್ತೆಗೆ ಬಂದೆ. ಬಸ್ಸಿನ ಹಾರ್ನುಗಳ ನಡುವೆ ಸಹೋದ್ಯೋಗಿಗೆ ಫೋನ್ ಮಾಡಿದೆ.

“ಲೇಖನ ಕಳಿಸಬೇಡ. ಬೇರೆ ವಿಧಾನದಲ್ಲಿ ಇನ್ನೊಮ್ಮೆ ಅಳೆಯೋಣ.”

“ಎಲ್ಲ ಮುಗಿದ ಮೇಲೆ ಈಗ?”

“ಹಾಗಾದರೆ ನನ್ನ ಹೆಸರು ತೆಗೆದುಬಿಡು.”

ಅವನು ಫೋನ್ ಇಟ್ಟ. ಅಷ್ಟರಲ್ಲಿ ಅತ್ತೆ ಹೊರಬಂದಳು. “ಟಪ್ ಟಪ್ ಅಂತು, ಅಷ್ಟ. ನಡಿ, ಹಸಿವ್ಯಾಗೈತಿ.”

ಖಾನಾವಳಿಯಲ್ಲಿ ಅವಳು ರೊಟ್ಟಿ ಉಂಡಳು. ನಾನು ಫೋನ್ ತಿರುವುತ್ತ ಕೂತೆ. ಎಲೆ ಎತ್ತುವ ಹೊತ್ತಿಗೆ ಸಂದೇಶ ಬಂತು: ‘ಕಳಿಸಿಲ್ಲ. ಬೇಗ ಬಾ.’

ನಾನು ಪ್ರಯೋಗಾಲಯಕ್ಕೆ ಮರಳಿದ ಮೇಲೆ ಇಬ್ಬರೂ ಬೇರೆ ವಿಧಾನದಲ್ಲಿ ಅಳೆದೆವು. ಅದು ಒಂದು ಮಿಂಚೇ ಅಲ್ಲ. ಪ್ರತಿ ಸಲವೂ ಆಕಾರ ಬದಲಿಸುವ ಚೂರುಪಾರು ಬೆಳಕಿನ ಉದ್ದನೆಯ ಗುಂಪು. ನಿಜವಾದ ಅವಧಿ ಹೇಳುತ್ತಿದ್ದದ್ದು ಆ ಅಗಲವಾದ ಬುಡ; ಮೊನೆ ನಮ್ಮನ್ನು ಮೋಸಗೊಳಿಸಿತ್ತು. ಸಹೋದ್ಯೋಗಿ ಲೇಸರಿನ ಕನ್ನಡಿಗಳನ್ನು ಬಿಚ್ಚತೊಡಗಿದ. ಲೇಸರನ್ನು ಇನ್ನೂ ಹೊಂದಿಸುತ್ತಲೇ ಇದ್ದೇವೆ. ಅವನು ಮಾತಾಡುತ್ತಾನೆ, ಕೆಲಸಕ್ಕೆ ಬೇಕಾದಷ್ಟು ಮಾತ್ರ.