ಗಿರಣಿ ಬಾಗಿಲ ಮುಂದಿನ ಬಿಳಿ ಕಾರು

ರಾಣೆಬೆನ್ನೂರಿನ ನಮ್ಮ ಪ್ಯಾಟಿ ಬೀದಿಗೆ ನಗರಸಭೆಯವರು ಹಳದಿ ಗೆರಿ ಹೊಡದಾಗ ಅಂಗಡಿಯವರೆಲ್ಲಾ ಬೈದ್ರು. ನಾನೂ ಬೈದೆ. ಎಲ್ಲಾರಿಗಿಂತ ಜೋರು ಬೈದೆ. ಈಗ ನಾ ಬೈಯೋದು ನಗರಸಭೆಗಲ್ಲ. ಯಾರಿಗೆ ಅನ್ನೋದನ್ನ ಹೇಳ್ತೇನಿ.

ನಂದು ಖಾರ ಕುಟ್ಟೋ ಗಿರಣಿ. ಗಂಡ ಇದ್ದಾಗ ಅಂವ ನಡಸ್ತಿದ್ದ, ಅಂವ ಹೋದ ಮ್ಯಾಲೆ ನಾ ನಡಸಾಕತ್ತೇನಿ. ಒಳಗ ಎರಡು ಒರಳು, ಕರೆಂಟಿನ ಮ್ಯಾಲೆ ಏಳೋ ಬೀಳೋ ಕಬ್ಬಿಣದ ಒನಕಿ, ಅಷ್ಟ. ಶಿವರಾತ್ರಿ ಮುಗೀತಂದ್ರ ಗಿರಣಿ ಶುರು, ಮಳಿ ಹಿಡೀತಂದ್ರ ಬಂದ್. ಆ ಬ್ಯಾಸಗಿ ದುಡಿಮಿ ಮ್ಯಾಲೆ ನಾ ವರ್ಷ ಪೂರ್ತಿ ಉಣ್ಣಬೇಕು. ಹೆಣ್ಣಮಕ್ಕಳು ಬ್ಯಾಡಗಿಯಿಂದ ಮೆಣಸಿನಕಾಯಿ ತರ್ತಾರ, ಮಾಳಗಿ ಮ್ಯಾಲೆ ಒಣಗಸ್ತಾರ, ತೊಟ್ಟು ಮುರದು ಹುರೀತಾರ, ಕೊತ್ತಂಬರಿ ಕಾಳು, ಜೀರಗಿ, ಒಣಕೊಬ್ಬರಿ ಬ್ಯಾರೆ ಹುರದು ಗಂಟು ಕಟಗೊಂಡು ನನ್ನ ಗಿರಣಿಗೆ ಬರ್ತಾರ.

ಬಂದಾಕಿ ಒರಳಿನ ಮುಂದಿಂದ ಏಳಂಗಿಲ್ಲ. ಮೂಗಿಗೆ ಸೆರಗು ಕಟಗೊಂಡು, ಕಣ್ಣೀರು ಒರಸಗೊಂತ, ತನ್ನ ಖಾರ ತನ್ನ ಡಬ್ಬಿಗೆ ಬೀಳೋ ತನಕ ಕುಂತಿರ್ತಾಳ. ಎದ್ದು ಹೋದ್ರ ಹಿಂದಿನಾಕಿಯ ಗುಂಟೂರು ಕಾಯಿ ಖಾರ ತನ್ನ ಬ್ಯಾಡಗಿ ಖಾರದಾಗ ಕೂಡ್ತದ ಅನ್ನೋ ಅಂಜಿಕಿ. ನನ್ನ ಮ್ಯಾಲೆ ನಂಬಿಕಿ ಇಲ್ಲಂತ ಅಲ್ಲ. ನಾ ಬ್ಯಾರೆ ಗಿರಣಿಗೆ ಹೋಗಿದ್ರ ನಾನೂ ಏಳತಿದ್ದಿಲ್ಲ.

ಹೊಸ ಕಾಯ್ದೆ ಏನಂದ್ರ, ಮುಂಜಾನಿಂದ ಸಂಜಿ ತನಕ ಬೀದಿಯಾಗ ಯಾವ ಗಾಡಿನೂ ನಿಲ್ಲಂಗಿಲ್ಲ. ಆಚೆ ಮೈದಾನದಾಗ ನಿಲ್ಲಿಸಿ ನಡಕೊಂಡು ಬರಬೇಕು. ಬೀದಿಯಾಗ ನಿಲ್ಲಿಸಿದ್ರ ಪೊಲೀಸ್ರು ಗಾಲಿಗೆ ಕೀಲಿ ಹಾಕ್ತಾರ. ಕಾಯ್ದೆ ಮಾಡಿದಾತ ಒಂದು ಸಲನೂ ಖಾರದ ಚೀಲ ಹೊತ್ತಿಲ್ಲ. ಒಬ್ಬಾಕಿನ ಬಂದ ಹೆಣ್ಣಮಗಳು ಚೀಲ ಇಳಿಸಿ ಗಾಡಿ ಬಿಡಾಕ ಮೈದಾನಕ್ಕ ಹೋದ್ರ ಖಾರ ಕಾಯೋರು ಯಾರು?

ಕುಪ್ಪೇಲೂರಿನಾಕಿ ಒಬ್ಬಾಕಿ ಪ್ರತಿ ವರ್ಷ ನನ್ನ ಕಡೇನ ಬರ್ತಿದ್ಲು. ಗಂಡಸರ ದಾರಿ ಕಾಯಾಕಿ ಅಲ್ಲ, ತಾನ ಸ್ಕೂಟಿ ಹೊಡಕೊಂಡು, ಕಾಲಾಗ ಚೀಲ ಇಟಗೊಂಡು ಬರ್ತಾಳ. ಈ ಸಲ ಬಂದು ರಸ್ತಿಗೆ ಅಡ್ಡ ನಿಲ್ಲಿಸಿದ್ಲು. ಯಾಕಂದ್ರ ನನ್ನ ಬಾಗಿಲ ಮುಂದ ಮಗ್ಗಲಿನ ಜವಳಿ ಅಂಗಡಿ ಸಾವ್ಕಾರನ ಬಿಳಿ ಕಾರು ನಿಂತಿತ್ತು. ಅದು ದಿನಾ ನಿಲ್ಲೋದು. ತನ್ನ ಅಂಗಡಿ ಮುಂದ ನಿಲ್ಲಿಸಿದ್ರ ಗಿರಾಕಿಗೆ ಅಡ್ಡ ಆಗ್ತದಂತ ನನ್ನ ಬಾಗಿಲ ಮುಂದ ನಿಲ್ಲಸ್ತಾನ. ಗೆರಿ ಹೊಡದ ಮ್ಯಾಲೂ ನಿಲ್ಲಸ್ತಿದ್ದ. ಅವನ ಕಾರಿಗೆ ಪೊಲೀಸ್ರು ಕೀಲಿ ಹಾಕಿದ್ದು ನಾ ಕಂಡಿಲ್ಲ. ಅವನ ಅಂಗಡಿಯಾಗ ಕುಂತು ಚಾ ಕುಡದಿದ್ದು ಕಂಡೇನಿ. ಆ ಕಾರಿನ ಮ್ಯಾಲೆ ಖಾರದ ಧೂಳು ಕೂಡ್ರಬಾರದಂತ ನಾ ಅರ್ಧಾ ಬಾಗಿಲಾ ಹಾಕ್ಕೊಂಡು, ಒಳಗ ಬೆಂದು, ಗಿರಣಿ ನಡಸ್ತಿದ್ದೆ. ಮಗ್ಗಲಿನವರು, ಇರಲಿ ಅಂತ.

ಪೊಲೀಸಪ್ಪ ಬಂದು ಸ್ಕೂಟಿಗೆ ಕೀಲಿ ಹಾಕಿ ಬಾಗಿಲಾಗ ನಿಂತ.

"ಯಾರ್ದವಾ ಈ ಗಾಡಿ? ಹೊರಗ ಬಾ."

"ನಂದು. ಬರಂಗಿಲ್ಲ," ಅಂದ್ಲು ಕುಪ್ಪೇಲೂರಿನಾಕಿ. ತಿರುಗಿ ಸುದ್ದಾ ನೋಡಲಿಲ್ಲ.

"ಬರಂಗಿಲ್ಲ ಅಂದ್ರ?"

"ಖಾರ ಬಿಟ್ಟು ಹೆಂಗ ಬರ್ಲಿ ಅಣ್ಣಾ? ನೀನ ಒಳಗ ಬಾ. ನಿಮ್ಮ ಮನಿಯಾಗಿನ ಖಾರ ನೀ ಕುಟ್ಟಸ್ತಿಯೇನು?"

ಅಂವ ಒಳಗ ಬಂದ. ಬಾಯಿ ತೆರಿಯೋದ್ರಾಗ ಸೀನು ಹತ್ತಿದ್ವು. ಟೊಪ್ಪಿಗಿ ತಗದು ಸೀನಿದ, ಹಾಕ್ಕೊಂಡು ಸೀನಿದ. ಕುಂತ ಹೆಣ್ಣಮಕ್ಕಳು ಸೆರಗಿನಾಗ ನಕ್ರು. ಕಣ್ಣೀರು ಸುರಿಸಿಗೊಂತ ಹೊರಗ ಹೋಗಿ ಕೀಲಿ ತಗದ.

"ಖಾರದ ಗಾಡಿಗೆ ನಾ ಕೀಲಿ ಹಾಕಂಗಿಲ್ಲ ಹೋಗ್ರವಾ. ಆದ್ರ ಅಡ್ಡ ನಿಲ್ಲಸಬ್ಯಾಡ್ರಿ. ಬಾಗಿಲ ಮುಂದ ಬರೋಬ್ಬರಿ ನಿಲ್ಲಿಸ್ರಿ."

"ಬಾಗಿಲ ಮುಂದ ಜಾಗಾ ಎಲ್ಲೈತಿ?" ಅಂದ್ಲು ಆಕಿ.

ಅಂವ ಕಾರು ನೋಡಿದ, ನನ್ನ ನೋಡಿದ, ನಡದ ಬಿಟ್ಟ.

ಹೋಗೋ ಮುಂದ ಆಕಿ ನನಗ ಹೇಳಿದ್ಲು, "ಚಿಗವ್ವಾ, ಮನಿಯಾಗ ಇನ್ನೊಂದು ಚೀಲ ಐತಿ. ಜಾಗಾ ಇದ್ರ ತರ್ತೇನಿ. ಇಲ್ಲಂದ್ರ ಊರ ಹೊರಗ ಹೊಸ ಗಿರಣಿ ಆಗೈತಿ, ಅಲ್ಲಿ ಟ್ರ್ಯಾಕ್ಟರ್ ಬೇಕಾದ್ರೂ ನಿಲ್ತೈತಿ." ಆಕಿ ಬಾಯಿ ಬಿಟ್ಟು ಹೇಳಿದ್ಲು. ಉಳದವರು ಹೇಳದನ ಆ ಗಿರಣಿಗೆ ಹೋಗಾಕತ್ತಿದ್ರು.

ಸಾವ್ಕಾರ ತನ್ನ ಅಂಗಡಿ ಮಾಳಗಿ ಮ್ಯಾಲೆ ಮೀಟಿಂಗ್ ಕರದ. ಎಲ್ಲಾರೂ ಹೋದ್ವಿ. ಒಂದು ದಿನ ಪ್ಯಾಟಿ ಬಂದ್ ಮಾಡೋಣು, ನಗರಸಭೆಗೆ ಬಿಸಿ ಮುಟ್ಟಲಿ ಅಂದ.

ನಾ ಕೇಳಿದೆ, "ಹುರದ ಮಸಾಲಿ ತಂದವರಿಗೆ ಏನು ಹೇಳ್ಲಿ? ಒಂದು ದಿನ ಇಟ್ರ ಮೆತ್ತಗಾಗ್ತದ."

"ಯಮ್ಮಾ, ನಿನ್ನ ನಾಲಿಗಿ ಇರೋ ತನಕ ಈ ಬೀದಿಯಾಗ ಖಾರ ಕಡಿಮಿ ಆಗಂಗಿಲ್ಲ," ಅಂದ. ಎಲ್ಲಾರೂ ನಕ್ರು. ನಾನೂ ನಕ್ಕೆ. ಗಿರಾಕಿ ಸಲುವಾಗಿ ಹೋರಾಟ ಅಂತ ಅಂವ ಮಾತು ಮಾತಿಗೆ ಅಂತಿದ್ದ. ನಾ ನಂಬಿದ್ದೆ.

ಬಂದ್ ದಿನ ಎಲ್ಲಾ ಅಂಗಡಿ ಬಾಗಿಲಾ ಹಾಕಿದ್ವು. ಹಳ್ಳಿಗೆ ಸುದ್ದಿ ಮುಟ್ಟಿದ್ದಿಲ್ಲ. ಹೆಣ್ಣಮಕ್ಕಳು ಗಂಟು ಹೊತಗೊಂಡು ಬಂದು ನನ್ನ ಬಾಗಿಲಾಗ ನಿಂತ್ರು. ರಾತ್ರಿ ಕುಂತು ಹುರದದ್ದನ್ನ ತಿರುಗಿ ಒಯ್ಯಿರಿ ಅನ್ನಾಕ ನನಗ ಬಾಯಿ ಬರಲಿಲ್ಲ. ಒನಕಿ ಹಚ್ಚಿದೆ. ಆಮ್ಯಾಲೆ ಹೊರಗ ಬಂದು ನೋಡ್ತೇನಿ, ಬೀದಿ ಬೀದಿ ಹಂಗ ಕಾಣಾಕತ್ತಿತ್ತು. ಸ್ಕೂಟಿ, ಆಟೋ, ಒಂದು ಟಂಟಂ, ಎಲ್ಲಾ ಬಾಗಿಲ ಮುಂದ ನೆಟ್ಟಗ ನಿಂತಿದ್ವು. ಬಸ್ಸು ಹಾರ್ನ್ ಹೊಡೀದನ ದಾಟಿ ಹೋತು. ಬಿಳಿ ಕಾರು ಇದ್ದಿಲ್ಲ. ಅಂಗಡಿಯವರ ಒಂದು ಬೈಕೂ ಇದ್ದಿಲ್ಲ. ಮುಂಜಾನೆ ಬಂದು ನಿಂತು ರಾತ್ರಿ ಬಾಗಿಲಾ ಹಾಕೋ ತನಕ ಅಳ್ಳಾಡದ ಗಾಡಿ ಯಾರವು ಅನ್ನೋದು ಅವತ್ತ ತಿಳೀತು.

ನನಗಷ್ಟ ತಿಳಿದಿದ್ರ ಇರಲಿ. ನಗರಸಭೆ ಸಾಹೇಬ್ರೂ ಬಂದು ಫೋನಿನಾಗ ಫೋಟೋ ತಗೊಂಡು ನಿಂತಿದ್ರು. ಅದ ಹೊತ್ತಿಗೆ ಸಾವ್ಕಾರನ ಮೆರವಣಿಗಿ ಘೋಷಣೆ ಕೂಗಿಕೋಂತ ಬಂತು. ಸಾಹೇಬ್ರು ಫೋನು ತೋರಿಸಿದ್ರು.

"ನೋಡ್ರಿ, ನಿಮ್ಮ ಗಾಡಿ ಇಲ್ಲಂದ್ರ ರಸ್ತಿ ಎಷ್ಟು ಅಗಲ ಐತಿ. ಒಂದು ಕೆಲಸ ಮಾಡ್ರಿ. ಅಂಗಡಿಯವರ ಗಾಡಿ ಮೈದಾನಕ್ಕ ಹೋಗ್ಲಿ, ಗಿರಾಕಿ ಗಾಡಿ ಬಾಗಿಲ ಮುಂದ ನಿಲ್ಲಲಿ. ನಾ ಗೆರಿ ಅಳಸ್ತೇನಿ. ಒಪ್ತೀರೇನು?"

ಘೋಷಣೆ ನಿಂತ್ವು. ಗಿರಾಕಿ ಸಲುವಾಗಿ ಹೋರಾಟ ಅಂದಿದ್ರಲ್ಲ, ಈಗ ಹೂಂ ಅಂತಾರ ಅಂತ ನಾ ಬಾಗಿಲಾಗ ನಿಂತು ಕಾದೆ.

ಸಾವ್ಕಾರ ಅಂದ, "ಬಿಸಲಾಗ ಅಲ್ಲಿಂದ ನಡಕೊಂತ ಬರಾಕ ನಾವೇನು ಕೂಲಿ ಆಳೇನ್ರಿ ಸಾಹೇಬ್ರ?"

ನನ್ನ ಮೈ ಉರದು ಹೋತು. "ಸಾವ್ಕಾರ, ನಿನಗ ಬರೇ ಕೈ ಬೀಸಿಗೊಂತ ನಡಿಯೋದಾಗಂಗಿಲ್ಲ. ಕುಪ್ಪೇಲೂರಿನಾಕಿ ಚೀಲ ಹೊತ್ತು ನಡೀಬೇಕೇನು?"

"ಯಮ್ಮಾ, ಬಂದ್ ದಿನ ಗಿರಣಿ ಹಚ್ಚಿ ನಮ್ಮ ಮರ್ಯಾದಿ ಕಳದೀದಿ. ನೀ ಮಾತಾಡಬ್ಯಾಡ."

ಯಾರೂ ನನ್ನ ಪರವಾಗಿ ಬಾಯಿ ಬಿಡಲಿಲ್ಲ. ನನ್ನ ಕಡೆ ಪುಕ್ಕಟೆ ಖಾರ ಕುಟ್ಟಿಸಿಗೊಂಡು ತಿಂದವರೂ ಆ ಗುಂಪಿನಾಗ ಇದ್ರು. ಸಾಹೇಬ್ರು ಫೋನು ಕಿಸೆದಾಗ ಹಾಕ್ಕೊಂಡು ಹೋದ್ರು. ಗೆರಿ ಇದ್ದಂಗ ಉಳೀತು.

ಮರುದಿನ ಮುಂಜಾನೆ ಬಿಳಿ ಕಾರು ನನ್ನ ಬಾಗಿಲ ಮುಂದ ಬಂದು ನಿಂತಿತು. ನಾ ಎರಡೂ ಬಾಗಿಲಾ ಪೂರಾ ತಗದೆ. ಒನಕಿ ಬೀಳಾಕತ್ತಿದ್ವು, ಧೂಳು ಎದ್ದು ಹೊರಗ ಹೋತು. ಸಂಜಿ ಅನ್ನೋದ್ರಾಗ ಕಾರು ಕೆಂಪಾಗಿತ್ತು. ಮರುದಿನಾನೂ ಹಂಗ, ಅದರ ಮರುದಿನಾನೂ ಹಂಗ. ಕಡೀಕ ಸಾವ್ಕಾರ ಬಂದ. ಒಂದು ಕಣ್ಣು ಊದಿತ್ತು.

"ಯಮ್ಮಾ, ಅರ್ಧಾ ಬಾಗಿಲಾ ಹಾಕು. ಕಾರಿನ ಬಾಗಿಲಾ ತಗದ ಕೈಲೆ ಕಣ್ಣ ಒರಸಿಕೊಂಡೇನಿ."

"ಮೈದಾನದಾಗ ಖಾರದ ಧೂಳಿಲ್ಲ, ಸಾವ್ಕಾರ."

"ಇಷ್ಟು ವರ್ಷ ಮಗ್ಗಲಿಗೆ ಅದೀವಿ."

"ಅದಕ್ಕ ಇಷ್ಟು ವರ್ಷ ಅರ್ಧಾ ಹಾಕಿದ್ದೆ."

ಕಾರು ಮೈದಾನಕ್ಕ ಹೋಗಲಿಲ್ಲ. ತನ್ನ ಅಂಗಡಿ ಮುಂದ ನಿಲ್ಲಿಸಿಕೊಂಡ. ಅವನ ಗಿರಾಕಿ ಈಗ ಅದನ್ನ ಸುತ್ತು ಹಾಕಿ ಒಳಗ ಹೋಗ್ತಾರ. ನನ್ನ ಬಾಗಿಲ ಮುಂದ ಜಾಗಾ ಆತು. ಪೊಲೀಸಪ್ಪ ದೂರಿಂದ ನೋಡಿ ಮೂಗು ಮುಚಗೊಂಡು ಹೋಗ್ತಾನ.

ಕುಪ್ಪೇಲೂರು ಬಸ್ಸು ಹತ್ತೋ ಹೆಣ್ಣಮಗಳ ಕೂಡ ಹೇಳಿ ಕಳಸಿದೆ, ಜಾಗಾ ಐತಿ, ಬಾ ಅಂತ. ಆಕಿ ಬರಲಿಲ್ಲ. ಎರಡನೇ ಚೀಲ ಹೊಸ ಗಿರಣಿಯಾಗ ಕುಟ್ಟಿಸಿದ್ಲಂತ. ಅದು ಆಕಿ ತಪ್ಪಲ್ಲ. ಈಗ ಮೋಡ ಕಟ್ಟಾಕತ್ತೈತಿ, ಎರಡರಾಗ ಒಂದು ಒರಳು ಸುಮ್ಮನ ನಿಂತೈತಿ. ಈ ವರ್ಷ ಹೆಂಗ ಉಣ್ಣಬೇಕು ಅನ್ನೋದು ನನಗ ಗೊತ್ತಿಲ್ಲ.

ನಿನ್ನೆ ಸಾವ್ಕಾರ ಹೇಳಿ ಕಳಿಸ್ಯಾನ, ಇನ್ನೊಂದು ದಿನ ಬಂದ್ ಮಾಡೋದೈತಿ, ಈ ಸಲರೆ ಬಾಗಿಲಾ ಹಾಕಬೇಕಂತ. ಮಾಡಲಿ. ಆ ದಿನಾನೂ ನಾ ಗಿರಣಿ ಹಚ್ಚಾಕಿನ. ರಸ್ತಿ ಅಗಲ ಇರ್ತೈತಿ.