ಸ್ವಲ್ಪ ಬದಿಗೆ ಸರೀರಿ

ನಮ್ಮ ಮನೆಯ ಫೋಟೋ ತೆಗೆದ ದಿನ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಬನಹಟ್ಟಿಯಲ್ಲಿ ಅಪ್ಪ ಕಟ್ಟಿಸಿದ ಮನೆ ಅದು. ಗಂಡನನ್ನು ಬಿಟ್ಟು ಬಂದ ಮೇಲೆ ನಾನು ಇದ್ದದ್ದು ಅಲ್ಲೇ, ಅಪ್ಪ ಅವ್ವ ಇಬ್ಬರ ಬಾಯಿಗೂ ಕೊನೆಯ ನೀರು ಬಿಟ್ಟದ್ದು ಅಲ್ಲೇ. ತಮ್ಮ ಜಮಖಂಡಿಯಲ್ಲಿ ಹೊಸ ಮನೆ ಕಟ್ಟಿಸಲು ಹೊರಟಿದ್ದ. ಮುಳುಗಡೆ ಊರಿನವರು ಪರಿಹಾರದ ದುಡ್ಡು ಹಿಡಿದು ಮನೆ ಹುಡುಕುತ್ತಿದ್ದ ಕಾಲ. ಅಪ್ಪನ ಮನೆಯನ್ನು ಅವರಿಗೆ ಮಾರಿಬಿಡೋಣವೆಂದು ತಮ್ಮ ದಲಾಲನನ್ನು ಗೊತ್ತು ಮಾಡಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಸುಣ್ಣ ಬಳಿಯಲು, ನೆಲ ತಿಕ್ಕಲು, ಅಡುಗೆಮನೆಯ ಮಸಿ ಕೆರೆಯಲು ಮಾತ್ರ ನಾನು ಬೇಕಾಗಿದ್ದೆ.

ದಲಾಲ ಮೊಬೈಲು ಹಿಡಿದು ಬಂದ. "ಅಕ್ಕಾರ, ಸ್ವಲ್ಪ ಬದಿಗೆ ಸರೀರಿ," ಎಂದ. ಸರಿದೆ. ನೂಲು ಸುತ್ತಿ ಹೊಟ್ಟೆ ಹೊರೆಯುತ್ತಿದ್ದ ನನ್ನ ರಾಟೆಯನ್ನು ಎತ್ತಿ ಹೊರಗಿಟ್ಟರು. ಆ ಜಾಗಕ್ಕೆ ಪಕ್ಕದ ಮನೆಯ ಸೋಫಾ ಬಂತು. ನಾನು ಅಡುಗೆಮನೆಗೆ ಹೋದೆ, ಹಿಂದೆಯೇ ಬಂದ. ಹಿತ್ತಲಿಗೆ ಹೋದೆ, ಅಲ್ಲಿಗೂ ಬಂದ. ಪುಣ್ಯಾತ್ಮನಿಗೆ ನಾನು ಎಲ್ಲಿ ನಿಂತರೂ ಅಡ್ಡ!

"ಫೋಟೋದಾಗ ಮನಶ್ಯಾರು ಕಂಡ್ರ ಮನಿ ಖಾಲಿ ಇಲ್ಲ ಅಂತಾರ್ರಿ," ಎಂದ ದಲಾಲ.

"ಅಕ್ಕಾ, ಒಂಚೂರು ಹೊರಗ ನಿಂದರಬೇ," ಎಂದ ತಮ್ಮ.

ಸರಿದು ಸರಿದು ಬೀದಿಗೆ ಬಂದಿದ್ದೆ. ಮೈತುಂಬ ಸುಣ್ಣದ ಕಲೆ. ಎದುರು ಮನೆಯ ಪಾವರ್‌ಲೂಮುಗಳು ಖಟಖಟ ಬಡಿಯುತ್ತಿದ್ದವು. "ಸಪ್ಪಳ ಫೋಟೋದಾಗ ಬರೂದಿಲ್ಲ ಬಿಡು," ಎಂದು ತಮ್ಮ ಹಲ್ಲು ಕಿರಿದ. ಆಗಲೇ ಅವನ ಕೆನ್ನೆಗೆ ಬಿಡಬೇಕಿತ್ತು.

ಕೆಲವು ದಿನ ಬಿಟ್ಟು ಬೀಳಗಿ ಕಡೆಯ ಹೆಂಗಸೊಬ್ಬರು ಮನೆ ನೋಡಲು ಬಂದರು. ಅವರ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗಿತ್ತು. ಫೋಟೋ ಮೆಚ್ಚಿಕೊಂಡೇ ಬಂದಿದ್ದರು. ಕಂಬ ಮುಟ್ಟಿದರು, ಒಲೆ ನೋಡಿದರು, ಆಮೇಲೆ ನನ್ನನ್ನು ಕಂಡರು.

"ಈಕಿ ಯಾರ್ರಿ? ಫೋಟೋದಾಗ ಯಾರೂ ಇರಲಿಲ್ಲಲಾ?"

ತಮ್ಮ ತಡವರಿಸಲೂ ಇಲ್ಲ. "ಮನಿ ನೋಡ್ಕೊಳ್ಳಾಕ ಇಟ್ಟೇವ್ರಿ."

ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು! ನಾನು ಮುಂದೆ ಬಂದು ಆಕೆಯ ಎದುರಿಗೇ ನಿಂತೆ.

"ಹೌದ್ರೀ ಯವ್ವಾ. ಇದು ನಮ್ಮಪ್ಪನ ಮನಿ, ನಾ ಇವನ ಅಕ್ಕ. ನೋಡ್ಕೊಳ್ಳಾಕ ಅದೇನಿ, ನೋಡ್ಕೋತನ ಇರತೇನಿ. ಇದರಾಗ ನಂದೂ ಪಾಲೈತಿ. ನಾ ಒಲ್ಲೆ ಅಂದಮ್ಯಾಲ ಇವ ಹೆಂಗ ಮಾರತಾನ?"

ಆಕೆ ನನ್ನ ಮುಖವನ್ನೇ ನೋಡಿದರು. "ಇದ್ದಾಕಿನ್ನ ಎಬ್ಬಿಸಿ ಕುಂದ್ರಾಕ ನಾ ಬಂದಿಲ್ಲಪಾ," ಎಂದು ತಮ್ಮನಿಗೆ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ತಮ್ಮ ಬೆನ್ನು ಹತ್ತಿ ಬೀದಿಯವರೆಗೂ ಓಡಿದ. ಆಕೆ ತಿರುಗಲಿಲ್ಲ.

"ಮಂದಿ ಮುಂದ ನನ್ನ ಮಾನಾ ಕಳದಿ!" ಎಂದು ಅಲ್ಲಿಂದಲೇ ಕೂಗಾಡಿದ.

ನಾನು ಒಳಗಿನಿಂದ ಅಗಳಿ ಹಾಕಿಕೊಂಡೆ.